ಮರದ ಕುದುರೆಯ ಒಡಲೊಳಗೆ

ಯಲಹಂಕ, ಹೆಬ್ಬಾಳದ ಕಡೆ ಜಾತ್ರೆ ನಡೆದರೆ ಮಕ್ಕಳ ಕಣ್ಣು ಬೀಳುವುದು ಮೆರ್ರಿ ಗೋ ರೌಂಡ್ ಕುದುರೆಗಳ ಮೇಲೆ. ಈ ಆಟದ ಮೂಲ ಯುದ್ಧದ ತಾಲೀಮು ಎಂದರೆ ನಂಬುತ್ತೀರಾ? ಹಿಂದೆ ಯುರೋಪಿನ ಸವಾರರು ಓಡುವ ಕುದುರೆಯ ಮೇಲಿಂದಲೇ, ತೂಗುಬಿಟ್ಟ ಬಳೆಯನ್ನು ಭರ್ಜಿಯಿಂದ ಎತ್ತುವ ಪಂದ್ಯ ಆಡುತ್ತಿದ್ದರು. ಅದರ ಅಭ್ಯಾಸಕ್ಕೆ ಹುಟ್ಟಿದ್ದೇ ಕಂಬದ ಸುತ್ತ ತಿರುಗುವ ಮರದ ಕುದುರೆ.

ಮೊದಲು ಅದನ್ನು ಆಳುಗಳೋ ಪ್ರಾಣಿಗಳೋ ತಿರುಗಿಸಬೇಕಿತ್ತು. 19ನೇ ಶತಮಾನದ ಉತ್ತರಾರ್ಧದಲ್ಲಿ ಉಗಿಯಂತ್ರ ಬಂತು. ಇಂಗ್ಲೆಂಡಿನ ಫ್ರೆಡರಿಕ್ ಸಾವೇಜ್ ಈ ಕೆಲಸದಲ್ಲಿ ಹೆಸರಾದ. ಮೇಲಿನ ಡೊಂಕು ಸರಳು ಸುತ್ತಿದಂತೆ, ಅದಕ್ಕೆ ತೂಗುಹಾಕಿದ ಕುದುರೆ ಏರಿಳಿಯುತ್ತದೆ.

ನಿಜವಾದ ಜಾಣ್ಮೆ ಇರುವುದು ಕುದುರೆಯ ಮೈಯಲ್ಲಿ. ದಪ್ಪ ದಿಮ್ಮಿ ಒಣಗುವಾಗ ಸೀಳುತ್ತದೆ. ಆದ್ದರಿಂದ ಹಲಗೆಗಳನ್ನು ಅಂಟಿಸಿ ಪೊಳ್ಳು ಒಡಲು ಕಟ್ಟುತ್ತಿದ್ದರು. ತಲೆ, ಕಾಲುಗಳನ್ನು ಬೇರೆಯಾಗಿ ಕೆತ್ತಿ ಜೋಡಿಸುತ್ತಿದ್ದರು. ಮರದ ಎಳೆ ಕಾಲಿನ ಉದ್ದಕ್ಕೇ ಇರಬೇಕು. ಅಡ್ಡವಾದರೆ ಕಾಲು ಮುರಿಯುತ್ತದೆ. ನೋಡುಗರತ್ತ ಇರುವ ಮಗ್ಗುಲಿಗೆ ಅಲಂಕಾರ ಹೆಚ್ಚು.

ಮುಂದೆ ಅಚ್ಚಿನಲ್ಲಿ ತೆಗೆದ ಅಲ್ಯೂಮಿನಿಯಂ, ಫೈಬರ್ ಗ್ಲಾಸ್ ಕುದುರೆಗಳು ಬಂದವು. ಉಳಿಯ ಕೆಲಸ ಹಿಂದೆ ಸರಿಯಿತು. ಹಳೆಯ ಎಷ್ಟೋ ಮೆರ್ರಿ ಗೋ ರೌಂಡ್‌ಗಳನ್ನು ಬಿಚ್ಚಿ, ಕುದುರೆಗಳನ್ನು ಬಿಡಿಬಿಡಿಯಾಗಿ ಮಾರಲಾಯಿತು. ಅಮೆರಿಕದ ಓಕ್ ಬ್ಲಫ್ಸ್‌ನಲ್ಲಿ 1876ರದೊಂದು ಉಳಿದಿದೆ. ಅಲ್ಲಿ ಮಕ್ಕಳು ಕುದುರೆಯ ಮೇಲೆ ಕುಳಿತೇ ಬಳೆ ಕೀಳುತ್ತಾರೆ. ಯುದ್ಧ ಮರೆತುಹೋಯಿತು, ಬಳೆ ಉಳಿಯಿತು!

ಮರಗೆಲಸ ನೋಡಲು ಅಷ್ಟು ದೂರ ಹೋಗಬೇಕಿಲ್ಲ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದ ಚನ್ನಪಟ್ಟಣದಲ್ಲಿ, ಲೇತ್ ಮೇಲೆ ತಿರುಗುವ ಆಲೆ ಮರಕ್ಕೆ ಅರಗಿನ ಬಣ್ಣ ಒತ್ತಿದರೆ, ಉಜ್ಜಾಟದ ಬಿಸಿಗೇ ಅದು ಕರಗಿ ಹಿಡಿಯುತ್ತದೆ. ರಜೆಯಲ್ಲಿ ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ. ಆಟಿಕೆ ಕೊಳ್ಳುವ ಮೊದಲು ಅದು ಆಗುವುದನ್ನು ಅವರು ನೋಡಲಿ.