ರೇಡಿಯೊ ಸತ್ತರೂ ವಿಮಾನ ಹಾರುತ್ತದೆ

ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಸಮುದ್ರಮಟ್ಟದಿಂದ 4,300 ಅಡಿಗೂ ಎತ್ತರ. ಅಲ್ಲಿಂದ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ನೇರ ಗೆರೆಯಲ್ಲಿ 60 ಕಿ.ಮೀ.ಗೂ ದೂರ. ಸಣ್ಣ ವಿಮಾನವೊಂದು ಈ ಬೆಟ್ಟದ ಪಶ್ಚಿಮಕ್ಕೆ ತಗ್ಗಿನಲ್ಲಿ ಹಾರಿದರೆ ಟವರ್‌ನ ದನಿ ಕೇಳದೆ ಹೋಗಬಹುದು. ವಿಮಾನದ ರೇಡಿಯೊ ಬಳಸುವ ವಿಎಚ್‌ಎಫ್ ಅಲೆಗಳು ನೇರವಾಗಿ ಸಾಗುತ್ತವೆ, ಬೆಟ್ಟ ಬಳಸಿ ಬರುವುದಿಲ್ಲ. ಬಟಾಬಯಲಲ್ಲೂ ಸಾವಿರ ಅಡಿ ಎತ್ತರದಲ್ಲಿ ಸುಮಾರು 70 ಕಿ.ಮೀ.ಗೆ ಅವುಗಳ ಮಿತಿ. ಇನ್ನಷ್ಟು ಮೇಲೇರಿದರೆ ದನಿ ಮರಳುವ ಸಾಧ್ಯತೆಯೇ ಹೆಚ್ಚು.

ಮೇಲೇರಿದರೂ ಕೇಳದಿದ್ದರೆ? ಮೊದಲು ನೋಡಬೇಕಾದ್ದು ಸಣ್ಣಪುಟ್ಟವು: ಹೆಡ್‌ಸೆಟ್‌ನ ಪ್ಲಗ್ ಸಡಿಲವಾಗಿದೆಯೇ, ವಾಲ್ಯೂಮ್ ತಗ್ಗಿದೆಯೇ, ಫ್ರೀಕ್ವೆನ್ಸಿ ತಪ್ಪಿದೆಯೇ, ಮಾತಾಡುವ ಗುಂಡಿ ಒಳಗೇ ಸಿಕ್ಕಿಕೊಂಡಿದೆಯೇ. ಕೊನೆಯದು ಅತಿ ಕೆಟ್ಟದ್ದು. ಆ ಒಂದು ಗುಂಡಿ ಇಡೀ ಫ್ರೀಕ್ವೆನ್ಸಿಯನ್ನೇ ಮುಚ್ಚಿ ಉಳಿದವರ ಬಾಯಿಯನ್ನೂ ಕಟ್ಟುತ್ತದೆ.

ಆಲ್ಟರ್ನೇಟರ್ ಕೈಕೊಟ್ಟು ಬ್ಯಾಟರಿ ಬರಿದಾದರೆ ಮಾತ್ರ ಕಷ್ಟ ಹೆಚ್ಚು. ರೇಡಿಯೊ ಕೆಟ್ಟಿದೆಯೆಂದು ರಾಡಾರ್‌ಗೆ ತಿಳಿಸುವ 7600 ಸಂಕೇತ ಕಳಿಸಬೇಕಾದ ಟ್ರಾನ್ಸ್‌ಪಾಂಡರ್ ಕೂಡ ಆಗ ಸಾಯುತ್ತದೆ. ಸೆಸ್ನಾ 172ರ ಫ್ಲಾಪ್‌ಗಳೂ ಕದಲುವುದಿಲ್ಲ. ಆದರೆ ಎಂಜಿನ್ ನಿಲ್ಲುವುದಿಲ್ಲ. ಅದರ ಕಿಡಿ ಬರುವುದು ಮ್ಯಾಗ್ನೆಟೊದಿಂದ, ಬ್ಯಾಟರಿಯಿಂದಲ್ಲ. ತರಬೇತಿಯ ಮೊದಲ ವಾರವೇ ಮನಸ್ಸಿಗೆ ಇಳಿಯಬೇಕಾದ ಮಾತಿದು. ಮೋಡವಿಲ್ಲದ ದಿನ ಲಕ್ಷ್ಮಣತೀರ್ಥ ನದಿ, ಹುಣಸೂರು–ಮೈಸೂರು ರಸ್ತೆ, ಕೊನೆಗೆ ಚಾಮುಂಡಿ ಬೆಟ್ಟ ದಾರಿ ತೋರಿಸುತ್ತವೆ. ಮೋಡಕ್ಕೆ ಮಾತ್ರ ನುಗ್ಗಬಾರದು.

ನಿಲ್ದಾಣ ತಲುಪಿದ ಮೇಲೆ ಮಾತಿನ ಕೆಲಸವನ್ನು ಟವರ್‌ನ ದೀಪ ಮಾಡುತ್ತದೆ. ಸ್ಥಿರ ಹಸಿರಿದ್ದರೆ ಇಳಿಯಬಹುದು, ಸ್ಥಿರ ಕೆಂಪಿದ್ದರೆ ಬೇರೆ ವಿಮಾನಕ್ಕೆ ದಾರಿ ಬಿಟ್ಟು ಸುತ್ತುತ್ತಿರಬೇಕು, ಮಿನುಗುವ ಕೆಂಪಿದ್ದರೆ ಇಳಿಯಲೇಬಾರದು. ಹಗಲಲ್ಲಾದರೆ ಪೈಲಟ್ ರೆಕ್ಕೆ ಅಲುಗಿಸಿ ‘ಕಂಡೆ’ ಎನ್ನಬೇಕು. ಇದು ಪುಸ್ತಕದಲ್ಲಿ ಓದಿದರೆ ಬರುವ ವಿದ್ಯೆಯಲ್ಲ. ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಆ ಪುಟ್ಟ ದೀಪವನ್ನು ಕಣ್ಣು ಹುಡುಕಿ ಹಿಡಿಯುವುದು ಸುಲಭವಲ್ಲ.

ಮೌನವನ್ನು ಹಗುರವಾಗಿ ಕಂಡರೆ ಏನಾಗುತ್ತದೆಂಬುದನ್ನು 2006ರ ಸೆಪ್ಟೆಂಬರ್ 29ರಂದು ಬ್ರೆಜಿಲ್ ಕಂಡಿತು. ಖಾಸಗಿ ಲೆಗಸಿ ಜೆಟ್ ಒಂದಕ್ಕೂ ನೆಲದವರಿಗೂ ಸುಮಾರು ಒಂದು ಗಂಟೆ ಸಂಭಾಷಣೆಯೇ ನಡೆದಿರಲಿಲ್ಲ. ಅದರ ಟ್ರಾನ್ಸ್‌ಪಾಂಡರ್ ಕೂಡ ಸಂಕೇತ ಕಳಿಸುತ್ತಿರಲಿಲ್ಲ. ಅದು ಗೋಲ್ ಸಂಸ್ಥೆಯ ಬೋಯಿಂಗ್‌ಗೆ ತಗುಲಿತು. ಜೆಟ್ ಹೇಗೋ ಇಳಿಯಿತು, ಬೋಯಿಂಗ್‌ನಲ್ಲಿದ್ದ 154 ಮಂದಿಯೂ ಸತ್ತರು. ತಪ್ಪು ಆಕಾಶದಲ್ಲೂ ಇತ್ತು, ನೆಲದಲ್ಲೂ ಇತ್ತು.

ನಮ್ಮಲ್ಲಿ ಪೈಲಟ್‌ನ ರೇಡಿಯೊ ಪರವಾನಗಿಯನ್ನು ದೂರಸಂಪರ್ಕ ಇಲಾಖೆ ಕೊಡುತ್ತಿತ್ತು. 2024ರ ಭಾರತೀಯ ವಾಯುಯಾನ ಅಧಿನಿಯಮ ಆ ಹೊಣೆಯನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ (ಡಿಜಿಸಿಎ) ಒಪ್ಪಿಸಿದೆ. ಹಾರುವ ಪರವಾನಗಿ, ಮಾತಾಡುವ ಪರವಾನಗಿ ಎರಡೂ ಈಗ ಒಂದೇ ಕಚೇರಿಯವು. ಹಾಗಾಗಿ ರೇಡಿಯೊ ತರಬೇತಿ ತನ್ನ ಹೊಣೆಯಲ್ಲ ಎಂಬ ನೆವ ಹೇಳಲು ಅದಕ್ಕೆ ಜಾಗವಿಲ್ಲ. ಬೋಧಕ ಪಕ್ಕದಲ್ಲಿ ಕುಳಿತು, ಟವರ್‌ಗೆ ಮೊದಲೇ ತಿಳಿಸಿ, ತಾನು ಆಲಿಸುತ್ತಿದ್ದು ವಿದ್ಯಾರ್ಥಿಯ ಕಿವಿಗೆ ಮಾತ್ರ ರೇಡಿಯೊ ಕೇಳದಂತೆ ಮಾಡಿ, ದೀಪದ ಸಂಕೇತದ ಮೇಲೆಯೇ ಒಮ್ಮೆಯಾದರೂ ವಿದ್ಯಾರ್ಥಿ ವಿಮಾನ ಇಳಿಸುವಂತೆ ಮಾಡಬೇಕು. ಡಿಜಿಸಿಎ ಇದನ್ನು ಖಾಸಗಿ ಪೈಲಟ್ ಪರವಾನಗಿಯ ಷರತ್ತಾಗಿಸಲಿ. ಜಕ್ಕೂರು, ಮೈಸೂರಿನ ತರಬೇತಿ ಶಾಲೆಗಳು ಆದೇಶಕ್ಕೆ ಕಾಯದೆ ಇಂದೇ ಶುರು ಮಾಡಬಹುದು.