ಹಲಗೆ ಯಾರ ಹೆಸರಿನಲ್ಲಿ?

ನಮ್ಮ ದೇವಳಾಲಿ ಕ್ಯಾಂಪು ಇಂಗ್ಲಿಷ್ ಭಾಷೆಗೆ ಒಂದು ಶಬ್ದವನ್ನೇ ದಾನ ಮಾಡಿದೆ. ಆಂಗ್ಲರ ಕಾಲದಲ್ಲಿ ಸ್ವದೇಶಕ್ಕೆ ಮರಳುವ ಸಿಪಾಯಿಗಳು ಇಲ್ಲಿಯ ಛಾವಣಿಯಲ್ಲಿ ಹಡಗಿನ ದಾರಿ ಕಾಯುತ್ತ ತಿಂಗಳುಗಟ್ಟಲೆ ಕೂಡುತ್ತಿದ್ದರಂತೆ. ಬಿಸಿಲು, ಬೇಸರ, ಕೈಗೆ ಕೆಲಸವಿಲ್ಲ. ತಲೆ ಕೆಡದೆ ಇದ್ದೀತೆ? ಹೀಗಾಗಿ ತಲೆ ಕೆಟ್ಟವನಿಗೆ 'ಡೂಲಾಲಿ' ಎಂದು ಹೆಸರಾಯಿತು. ಹೋದ ವರ್ಷ ಮಗ್ಗುಲ ಮನೆಯ ಕಾಕೂ ಅವರಿಗೆ ಒಂದು ವೆಬ್‌ಸೈಟ್ ಮಾಡಿಸಿಕೊಡಲು ಹೋಗಿ ನಾವೂ ಆ ಪದವಿಗೆ ಹತ್ತಿರವಾಗಿದ್ದೆವು. ಆ ಕಥೆಯನ್ನು ಈ ಸಲ ಹೇಳಿಬಿಡುತ್ತೇವೆ. ನಮ್ಮ ತಪ್ಪಿನಿಂದ ಒಬ್ಬ ಓದುಗರಾದರೂ ಎಚ್ಚರಗೊಂಡರೆ ಕಾಗದದ ಖರ್ಚು ಸಾರ್ಥಕ.

ಕಾಕೂ ಧಾರವಾಡದ ಕಡೆಯವರು. ಯಜಮಾನರು ತೀರಿಹೋದ ಮೇಲೆ ಶೇಂಗಾ, ಗುರೆಳ್ಳು, ಅಗಸಿ ಈ ಮೂರು ಚಟ್ನಿಪುಡಿಗಳ ಮೇಲೆ ಸಂಸಾರದ ರಥ ಎಳೆಯುತ್ತಿದ್ದಾರೆ. ಕ್ಯಾಂಪಿನ ಕನ್ನಡ ಮನೆಗಳು, ನಾಸಿಕ್ ರೋಡಿನ ನಾಲ್ಕಾರು ಸಂಸಾರಗಳು, ಅವರ ನಂಟರು—ಇಷ್ಟೇ ಅವರ ಗಿರಾಕಿ. "ಇಂಥ ಚಟ್ನಿಪುಡಿ ಜಗತ್ತಿಗೆ ಗೊತ್ತಾಗಬೇಡವೆ ಕಾಕೂ?" ಎಂದು ಕಿಡಿ ಹಚ್ಚಿದವರು ನಾವೇ. ಅವರು ಕೂಡಿಟ್ಟಿದ್ದ 18,000 ರೂಪಾಯಿಗಳನ್ನು ತೆಗೆದುಕೊಟ್ಟರು. ನಮಗೆ ಪರಿಚಯದ ಒಬ್ಬರು ಸೈಟ್ ಮಾಡಿಕೊಟ್ಟರು. ಅವರ ಹೆಸರು ಇಲ್ಲಿ ಬೇಡ. ಅವರನ್ನು ಗೊತ್ತುಮಾಡಿದವರು ನಾವು ಎಂಬುದೇ ಸಾಕು.

ಸೈಟೇನೋ ಚೆಂದವಾಗಿತ್ತು. ಚಿತ್ರಗಳು ತಾವೇ ಸರಿಯುತ್ತಿದ್ದವು. 'ನಮ್ಮ ದೂರದೃಷ್ಟಿ' ಎಂದು ಒಂದು ಪುಟವೇ ಇತ್ತು. ಚಟ್ನಿಪುಡಿಯ ಬೆಲೆ ಮಾತ್ರ ಎಲ್ಲಿಯೂ ಇರಲಿಲ್ಲ! ಆ ವಿಳಾಸವನ್ನು ಹಾಕಿ 500 ಚೀಟಿಗಳನ್ನು ಅಚ್ಚು ಹಾಕಿಸಿ ಪೊಟ್ಟಣಗಳಿಗೆ ಅಂಟಿಸಿದ್ದೂ ಆಯಿತು. ವರ್ಷ ತುಂಬಿದ ಮರುವಾರ ಸೈಟ್ ಮಾಯ. ಫೋನು ಮಾಡಿದರೆ ಎತ್ತುವವರಿಲ್ಲ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಆ ಹೆಸರು ನೋಂದಣಿಯಾದದ್ದು ಕಾಕೂ ಹೆಸರಿನಲ್ಲಿ ಅಲ್ಲ, ಮಾಡಿಕೊಟ್ಟವರ ಹೆಸರಿನಲ್ಲಿ, ನವೀಕರಣದ ಸೂಚನೆಗಳೆಲ್ಲ ಹೋದದ್ದು ಅವರ ಈಮೇಲಿಗೆ.

ಹಗಲಿಡೀ ಕಚೇರಿಯಲ್ಲಿ ಕುಳಿತು 'ಅರ್ಜಿದಾರರ ಸಹಿ ಇಲ್ಲ' ಎಂದು ಪರರ ಕಾಗದಗಳನ್ನು ಹಿಂದಿರುಗಿಸುವ ನಾವು, ಬಿ.ಎ. ಪಾಸಾದ ನಾವು, ಕಾಕೂ ಅವರ ಕಾಗದದ ಮೇಲೆ ಯಾರ ಸಹಿ ಇದೆಯೆಂದು ನೋಡಲಿಲ್ಲ. ಎರಡು ದಿನ ಅವರ ಬಾಗಿಲ ಮುಂದೆ ಹಾಯಲು ಮುಖವಿರಲಿಲ್ಲ. ಮೂರನೆಯ ದಿನ ಅವರೇ ಕರೆದರು: "ಶೇಂಗಾ ಸೀದರ ಏನ್ಮಾಡ್ತೀವೋ ತಮ್ಮಾ? ಮತ್ತ ಹುರೀತೀವಿ. ಈ ಸಲ ಉರಿ ಸಣ್ಣ ಇಡು, ಅಷ್ಟ."

ಅಂತೂ ರವಿವಾರ ಅವರ ಅಡಿಗೆಮನೆಯಲ್ಲಿ ಗೆರೆ ಹಾಕಿದ ವಹಿಯೊಂದನ್ನು ಹಿಡಿದು ಕುಳಿತೆವು. ಕಂಪ್ಯೂಟರನ್ನು ತೆರೆಯುವುದಕ್ಕಿಂತ ಮೊದಲು ಕಾಗದದ ಮೇಲೆ ಬರೆಯಬೇಕೆಂಬ ಬುದ್ಧಿ ಈಗ ಬಂದಿತ್ತು.

"ನೋಡ್ಲಿಕ್ಕೆ ಬರೋರು ಯಾರೋ? ಬಂದು ಏನ್ ಕೇಳ್ತಾರ?" ಎಂದರು ಕಾಕೂ. ಈ ಎರಡು ಪ್ರಶ್ನೆಗಳಲ್ಲಿ ಅರ್ಧ ವೆಬ್‌ಸೈಟ್ ಇದೆ! ಬರುವವರು ಕೇಳುವುದು ನಾಲ್ಕೇ ಮಾತು: ಏನೇನು ಸಿಗುತ್ತದೆ, ಬೆಲೆ ಎಷ್ಟು, ಎಷ್ಟು ದಿನ ಕೆಡುವುದಿಲ್ಲ, ಹೇಗೆ ತರಿಸಿಕೊಳ್ಳುವುದು. ನಾಲ್ಕು ಮಾತಿಗೆ ನಾಲ್ಕು ಪುಟ. ದೂರದೃಷ್ಟಿಯನ್ನು ಕೈಬಿಟ್ಟೆವು.

ಎರಡನೆಯದು ಹೆಸರು. ವೆಬ್‌ಸೈಟಿನಲ್ಲಿ ಹೆಸರು ಬೇರೆ, ಜಾಗ ಬೇರೆ ಎಂಬುದನ್ನು ನಮ್ಮಂಥವರು ಮೊದಲು ತಿಳಿಯಬೇಕು. ಡೊಮೇನ್ ಎಂದರೆ ಅಂಗಡಿಯ ಹಲಗೆ. ಹೋಸ್ಟಿಂಗ್ ಎಂದರೆ ಬಾಡಿಗೆಯ ಮಳಿಗೆ. ಹಲಗೆ ನಮ್ಮದಾಗಿದ್ದರೆ ಮಳಿಗೆಯನ್ನು ಯಾವಾಗ ಬೇಕಾದರೂ ಬದಲಿಸಬಹುದು. ಹಲಗೆಯೇ ಪರರದಾದರೆ ಮಳಿಗೆ ಎಷ್ಟು ಝಗಮಗಿಸಿದರೇನು? ನಮ್ಮ ದೇಶದ '.ಇನ್' ಹೆಸರುಗಳ ಲೆಕ್ಕವನ್ನು ನಿಕ್ಸಿ ಎಂಬ ಸಂಸ್ಥೆ ಇಡುತ್ತದೆ; 2005ರಿಂದ ಅವು ಎಲ್ಲರಿಗೂ ಮುಕ್ತವಾಗಿವೆ. ಕನ್ನಡ ಅಕ್ಷರದಲ್ಲಿಯೇ '.ಭಾರತ' ಎಂಬ ಹೆಸರೂ ಸಿಗುತ್ತದೆ. ಯಾವುದನ್ನು ಪಡೆದರೂ ಅದು ಕ್ರಯಪತ್ರವಲ್ಲ, ಅವಧಿಯ ಗೇಣಿ. ಅವಧಿ ಮುಗಿದ ಮೇಲೆ ಕೆಲವು ದಿನ ಸಾವಕಾಶ, ಆಮೇಲೆ ದಂಡ, ಆಮೇಲೆ ಹೆಸರು ಯಾರ ಪಾಲಿಗಾದರೂ ಹೋದೀತು. ಆದುದರಿಂದ ನೋಂದಣಿ, ಈಮೇಲು, ಓಟಿಪಿ ಬರುವ ಮೊಬೈಲು ಮೂರೂ ಅಂಗಡಿಯವರದೇ ಇರಬೇಕು. ನವೀಕರಣದ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿಯ ಪಕ್ಕದಲ್ಲಿ ಬರೆದಿಡಬೇಕು. ಇನ್ನೊಂದು: ವಿಳಾಸದ ಪಕ್ಕದ ಬೀಗದ ಗುರುತಿಗೆಂದು ನಮ್ಮಿಂದ ಪ್ರತ್ಯೇಕ ಹಣ ಪಡೆದಿದ್ದರು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದ ಆ ಬೀಗವನ್ನು ಪುಕ್ಕಟೆಯಾಗಿ ಕೊಡುತ್ತಿದೆಯೆಂದು ನಮಗೆ ಆಮೇಲೆ ತಿಳಿಯಿತು.

ಮೂರನೆಯದು ಕನ್ನಡ. ಮೊದಲಿನ ಸೈಟಿನ ಕನ್ನಡ ಪುಟ ಹಲವರ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತಿತ್ತು. ಕಾರಣ, ಅದನ್ನು ಹಳೆಯ ಮಾದರಿಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದರು. ಯುನಿಕೋಡ್ 1991ರಲ್ಲಿ ಹೊರಬಂದಾಗಲೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿತ್ತು. ಜಿನೀವಾದ ಸರ್ನ್ ಸಂಸ್ಥೆಯ ಟಿಮ್ ಬರ್ನರ್ಸ್-ಲೀ ತಮ್ಮ ವೆಬ್ಬನ್ನು ಹೊರಜಗತ್ತಿಗೆ ತೋರಿಸಿದ್ದೂ ಅದೇ 1991ರಲ್ಲಿ. ಓರಗೆಯ ಈ ಇಬ್ಬರನ್ನು ನಾವೇಕೆ ಅಗಲಿಸಬೇಕು? ಯುನಿಕೋಡಿನಲ್ಲಿ ಬರೆದರೆ ಎಲ್ಲ ಫೋನಿನಲ್ಲಿಯೂ ಓದಲು ಬರುತ್ತದೆ, ಹುಡುಕಿದವರಿಗೂ ಸಿಗುತ್ತದೆ. 'ಗುರೆಳ್ಳು ಚಟ್ನಿಪುಡಿ' ಎಂದು ಹುಡುಕುವವನು ಕನ್ನಡದವನಲ್ಲದೆ ಮತ್ತಾರು?

ನಾಲ್ಕನೆಯದು ಕಾನೂನು. ಇಲ್ಲಿ ನಮ್ಮ ಗುಮಾಸ್ತಿಕೆ ಕೆಲಸಕ್ಕೆ ಬಂತು. ತಿನ್ನುವ ವಸ್ತು ಮನೆಯಲ್ಲಿ ಮಾಡಿದ್ದಾದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ಅದರ 14 ಅಂಕಿಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಬೇಕು. ತೂಕ, ಬೆಲೆ, ವಿಳಾಸ ಕಾಣಬೇಕು. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಗಿರಾಕಿಯ ದೂರು ಮುಟ್ಟಿತೆಂದು 48 ಗಂಟೆಗಳಲ್ಲಿ ತಿಳಿಸಿ, ಒಂದು ತಿಂಗಳಲ್ಲಿ ಅದನ್ನು ಬಗೆಹರಿಸಬೇಕು.

ನಿಜವಾದ ಗಂಟು ಬಿದ್ದದ್ದು ಗಡಿಯಲ್ಲಿ. ರಾಜ್ಯದೊಳಗೇ ಸರಕು ಮಾರುವವರಿಗೆ ಮಹಾರಾಷ್ಟ್ರದಲ್ಲಿ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಬೇಡ. ಆದರೆ ತೆರಿಗೆಯುಳ್ಳ ಸರಕನ್ನು ಬೇರೆ ರಾಜ್ಯಕ್ಕೆ ಮಾರಿದರೆ, ಕೆಲವು ಕರಕುಶಲ ವಸ್ತುಗಳಂಥವನ್ನು ಬಿಟ್ಟು, ವಹಿವಾಟು ಎಷ್ಟೇ ಚಿಕ್ಕದಿರಲಿ ನೋಂದಣಿ ಬೇಕೇ ಬೇಕು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡನ್ನು ಗೋದಾವರಿಯವರೆಗೆ ಹಬ್ಬಿಸಿತ್ತು. ಇಂದು ಗೋದಾವರಿಯ ಸೆರಗಿನಿಂದ ಬೆಳಗಾವಿಗೆ ಕಾಲು ಕಿಲೋ ಚಟ್ನಿಪುಡಿ ಮಾರಬೇಕಾದರೆ ತೆರಿಗೆ ಇಲಾಖೆಯ ಸಂಖ್ಯೆ ಬೇಕು! ಕಾಕೂ ಯೋಚಿಸಿ, "ಸದ್ಯಕ್ಕ ಪುಣೆ, ಸೊಲ್ಲಾಪುರ ಸಾಕು. ತಿಂಗಳಾ ತಿಂಗಳಾ ಲೆಕ್ಕ ಬರ್ಯೋರು ಯಾರು?" ಎಂದರು. ಸೈಟಿನಲ್ಲಿಯೂ 'ಮಹಾರಾಷ್ಟ್ರದೊಳಗೆ ಮಾತ್ರ' ಎಂದು ಬರೆದೆವು.

ಹಣದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. 2016ರಲ್ಲಿ ಬಂದ ಯುಪಿಐ ಇಂಥ ಚಿಕ್ಕ ಅಂಗಡಿಗೆ ಸಾಕು. ಒಂದೇ ಎಚ್ಚರಿಕೆ: ಹಣ ಪಡೆಯುವವರು ಪಿನ್ ಒತ್ತುವ ಅಗತ್ಯ ಎಂದಿಗೂ ಇಲ್ಲ. ಪಿನ್ ಒತ್ತಿರೆಂದು ಯಾರಾದರೂ ಹೇಳಿದರೆ ಫೋನು ಇಟ್ಟುಬಿಡಿರಿ.

ಹಳೆಯ ಹೆಸರು ಮರಳಿ ಸಿಗಲಿಲ್ಲ. ಉಳಿದ ಚೀಟಿಗಳು ಕಾಕೂ ಮನೆಯ ಒಲೆಗೆ ಹೋದವು. ಆ ಹೊಗೆ ಇಂದಿಗೂ ನಮ್ಮ ಕಣ್ಣಲ್ಲಿದೆ. ಹೊಸ ಹೆಸರನ್ನು ನೋಂದಿಸುವಾಗ 'ಒಡೆಯರ ಹೆಸರು' ಎಂಬಲ್ಲಿ ನಾವು ಅಭ್ಯಾಸದಂತೆ, "ಕಾಕೂ, ಕಾಕಾ ಅವರ ಹೆಸರು ಹಾಕೋಣವೆ, ಮಗನ ಹೆಸರೆ?" ಎಂದೆವು. ಮನೆ ಕಾಕಾ ಹೆಸರಿನಲ್ಲಿ. ಅವರು ಹೋಗಿ ಆರು ವರ್ಷವಾದರೂ ಲೈಟು ಬಿಲ್ಲು ಇನ್ನೂ ಅವರ ಹೆಸರಿಗೇ ಬರುತ್ತದೆ.

ಕಾಕೂ ಸೆರಗಿನಿಂದ ಕೈ ಒರೆಸಿಕೊಂಡು, "ಹುರಿಯೋಳು ನಾ, ಕುಟ್ಟೋಳು ನಾ. ನನ್ನ ಹೆಸರು ಬರಿ," ಎಂದರು.

ಬರೆದೆವು. ಅಕ್ಷರ ಸರಿಯಾಗಿದೆಯೆ ಎಂದು ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಪಾಸ್‌ವರ್ಡನ್ನು ವಹಿಯಲ್ಲಿ ಬರೆದು ಆ ವಹಿಯನ್ನು ಯಾವ ಡಬ್ಬಿಯ ಕೆಳಗೆ ಇಟ್ಟರೆಂಬುದನ್ನು ನಮಗೂ ಹೇಳಲಿಲ್ಲ. ಅದು ಸರಿಯೇ.