ಮೆಹಮಾನರಿಗೆ ಹಾಲ್, ಮಕ್ಕಳಿಗೆ ಮೂಲೆ

ನಮ್ಮ ಮಧ್ಯಮ ವರ್ಗದ ಮುಸ್ಲಿಂ ಮನೆಗಳಲ್ಲಿ ಮನೆಯವರಿಗೆ ಸೇರದ ಕೋಣೆಯೊಂದು ಇರುತ್ತದೆ. ಮನೆಗೆಲ್ಲ ಅದೇ ದೊಡ್ಡದು. ಬೀದಿ ಕಡೆಯ ಅಗಲವಾದ ಕಿಟಕಿ, ಹೊಸ ಫ್ಯಾನು, ಚೆನ್ನಾಗಿ ಬೆಳಕು ಚೆಲ್ಲುವ ದೀಪ ಎಲ್ಲವೂ ಅಲ್ಲಿಗೇ ಮೀಸಲು. ಸೋಫಾದ ಮೇಲೊಂದು ಹೊದಿಕೆ, ಆ ಹೊದಿಕೆ ಕೊಳೆಯಾಗದಂತೆ ಇನ್ನೊಂದು ಬಟ್ಟೆ. ನಡುವೆ ಗಾಜಿನ ಟೀಪಾಯಿ, ಅದರ ಮೇಲೆ ಪ್ಲಾಸ್ಟಿಕ್ ಹೂವು. ಶೋಕೇಸಿನೊಳಗೆ ಮದುವೆಯಲ್ಲಿ ಬಂದ ಪಿಂಗಾಣಿ ಕಪ್ಪು ಬಸಿಗಳು ಮತ್ತು ಚನ್ನಪಟ್ಟಣದ ಒಂದು ಗೊಂಬೆ. ಇದನ್ನು ನಾವು ಹಾಲ್ ಎನ್ನುತ್ತೇವೆ, ಬೈಠಕ್ ಎನ್ನುತ್ತೇವೆ, ಕಲಬುರಗಿ, ಬೀದರ್ ಕಡೆಯ ಹಿರಿಯರು ದೀವಾನ್‌ಖಾನಾ ಎನ್ನುತ್ತಾರೆ. ಹೆಸರು ಯಾವುದಾದರೂ ಅಲ್ಲಿನ ಕಾನೂನು ಒಂದೇ. ಮಕ್ಕಳು ಏನನ್ನೂ ಮುಟ್ಟಕೂಡದು, ಬಾಗಿಲು ತಟ್ಟಿದ ಸದ್ದಾದೊಡನೆ ಜಾಗ ಖಾಲಿ ಮಾಡಬೇಕು.

ಇದಕ್ಕೆ ನಾವು ಕೊಟ್ಟಿರುವ ಹೆಸರು ಮೆಹಮಾನ್‌ನವಾಜಿ. ಅತಿಥಿ ಸತ್ಕಾರ! ಸತ್ಕಾರಕ್ಕೆ ಬೇಕಾದದ್ದು ನಗುಮುಖ, ಒಂದು ಲೋಟ ನೀರು, ಇದ್ದದ್ದರಲ್ಲಿ ಪಾಲು. ಇಲ್ಲಿ ನಡೆಯುತ್ತಿರುವುದು ಪ್ರದರ್ಶನ. ಬಂದು ಹೋಗುವವರಿಗಾಗಿ ಮನೆಯ ಒಳ್ಳೆಯ ಭಾಗವನ್ನು ಎತ್ತಿಟ್ಟು, ಅಲ್ಲೇ ಹುಟ್ಟಿ ಬೆಳೆಯುವ ಮಕ್ಕಳನ್ನು ಅಡುಗೆಮನೆಯ ಬಾಗಿಲಿಗೆ, ಮೆಟ್ಟಿಲ ಕೆಳಗೆ, ಮಂಚದ ಅಂಚಿಗೆ ಅಟ್ಟಿದ್ದೇವೆ. ಮನೆಯ ಜಾಗ ಮೊದಲು ಮಕ್ಕಳದು. ಅತಿಥಿಯನ್ನು ಆ ಜಾಗದೊಳಗೆ ಪ್ರೀತಿಯಿಂದ ಕೂರಿಸಿಕೊಳ್ಳೋಣ. ಆದರೆ ಅತಿಥಿಗಾಗಿ ಮಕ್ಕಳನ್ನು ಎಬ್ಬಿಸುವ ಪದ್ಧತಿ ನಿಲ್ಲಬೇಕು. ನಾನು ಹೇಳಲಿರುವುದು ಇಷ್ಟೇ.

ಮೊದಲು ನೆಲದ ಲೆಕ್ಕ ನೋಡೋಣ. ಇಪ್ಪತ್ತು ಮೂವತ್ತರ ಸೈಟು ಎಂದರೆ 600 ಚದರ ಅಡಿ. ಅದರಲ್ಲಿ ಹತ್ತು ಹದಿನಾಲ್ಕರ ಹಾಲ್ ಮಾಡಿದರೆ 140 ಚದರ ಅಡಿ. ಮೂವರು ಕೂರುವ ಸೋಫಾ ಸುಮಾರು 20 ಚದರ ಅಡಿ ನೆಲವನ್ನು ನುಂಗುತ್ತದೆ. ಒಬ್ಬೊಬ್ಬರು ಕೂರುವ ಎರಡು ಸೋಫಾಗಳು 18, ಟೀಪಾಯಿ 8, ಶೋಕೇಸು 9. ಒಟ್ಟು 55. ಇಷ್ಟು ನೆಲ ಕೊಟ್ಟು ನಾವು ಪಡೆದದ್ದು ಐದು ಜನ ಕೂರುವ ಅನುಕೂಲ. ಅದೇ ಜಾಗದಲ್ಲಿ ಆರು ಒಂಬತ್ತರ ಒಂದು ಜಮಖಾನೆ ಹಾಸಿದರೆ ಹತ್ತು ಜನ ಆರಾಮಾಗಿ ಕೂರುತ್ತಾರೆ. ಅವರು ಎದ್ದು ಹೋದ ಮೇಲೆ ಜಮಖಾನೆಯನ್ನು ಸುತ್ತಿ ಮೂಲೆಗಿಟ್ಟರೆ ನೆಲ ಮಕ್ಕಳಿಗೆ ವಾಪಸು. ಸೋಫಾವನ್ನು ಸುತ್ತಿಡಲು ಬರುವುದಿಲ್ಲ.

ಇದು ಹಾಲ್ ಇರುವವರ ಮಾತಾಯಿತು. 2011ರ ಜನಗಣತಿಯ ಪ್ರಕಾರ ದೇಶದ ನೂರು ಕುಟುಂಬಗಳಲ್ಲಿ ಸುಮಾರು 37 ಒಂದೇ ಕೋಣೆಯಲ್ಲಿ, ಸುಮಾರು 32 ಎರಡು ಕೋಣೆಗಳಲ್ಲಿ ಬದುಕುತ್ತಿದ್ದವು. ಒಂದು ಕೋಣೆಯಲ್ಲಿ ಸಂಸಾರ ನಡೆಸುವವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಅಂಥ ಮನೆಗಳಲ್ಲೂ ನಾಲ್ಕು ಕಾಸು ಕೈಸೇರಿದೊಡನೆ ಮೊದಲು ಒಳಬರುವುದು ಕಂತಿನ ಸೋಫಾ. ಮಕ್ಕಳ ಮೇಜಿನ ಸರದಿ ಬರುವಷ್ಟರಲ್ಲಿ ಮಕ್ಕಳು ಶಾಲೆಯನ್ನೇ ಬಿಟ್ಟಿರುತ್ತಾರೆ.

ಈ ವ್ಯವಸ್ಥೆಯ ಬೆಲೆ ತೆರುವವರು ಯಾರು ಎಂದು ತಿಳಿಯಬೇಕಾದರೆ ಸಂಜೆ ಏಳು ಗಂಟೆಗೆ ಇಂಥ ಮನೆಯೊಂದಕ್ಕೆ ಹೋಗಿ ನೋಡಿ. ಎಸ್ಸೆಸ್ಸೆಲ್ಸಿ ಓದುವ ಹುಡುಗಿ ಟೀಪಾಯಿಯ ಮೇಲೆ ಗಣಿತದ ಪುಸ್ತಕ ಹರಡಿಕೊಂಡಿದ್ದಾಳೆ. ಓದಲು ಸಾಕಾಗುವ ಬೆಳಕು ಇರುವುದು ಅಲ್ಲಿ ಮಾತ್ರ. ಬಾಗಿಲು ತಟ್ಟಿದ ಸದ್ದು. ಅಬ್ಬಾನ ಪರಿಚಯದವರು. "ಉಠ್ ಬೇಟಿ, ಕಿತಾಬಾಂ ಲೇಕೋ ಅಂದರ್ ಜಾ" ಎಂದು ಅಮ್ಮಿ ಪಿಸುಗುಟ್ಟುತ್ತಾಳೆ. ಹುಡುಗಿ ಪುಸ್ತಕ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಒಳಗೆ ಅವಳಿಗಾಗಿ ಕಾದಿರುವುದು ಚಹಾದ ಪಾತ್ರೆ. ಹೊರಗೆ ಸೈಟಿನ ರೇಟು, ಮಸೀದಿ ಕಮಿಟಿಯ ಜಗಳ, ದುಬೈಗೆ ಹೋದವರ ಸುದ್ದಿ ಒಂದೂವರೆ ಗಂಟೆ ನಡೆಯುತ್ತದೆ. ಅವಳ ತಮ್ಮ ಅಲ್ಲೇ ಸೋಫಾದ ಮೂಲೆಯಲ್ಲಿ ಮೊಬೈಲು ಒತ್ತುತ್ತಾ ಕೂತಿದ್ದಾನೆ. ಅವನಿಗೆ ಯಾರೂ ಏಳು ಎನ್ನುವುದಿಲ್ಲ. ಮೆಹಮಾನರು ಹೋದ ಮೇಲೆ ಕಪ್ಪು ತೊಳೆಯುವುದೂ ಅವಳದೇ ಕೆಲಸ.

ವಾರಕ್ಕೆ ಇಂಥ ಎರಡು ಸಂಜೆಗಳು ಎಂದಿಟ್ಟುಕೊಳ್ಳಿ. ತಿಂಗಳಿಗೆ 12 ಗಂಟೆ. ಜೂನ್‌ನಿಂದ ಫೆಬ್ರವರಿಯವರೆಗೆ 108 ಗಂಟೆ. ಪರೀಕ್ಷೆಯಲ್ಲಿ ಆಕೆ ನಾಲ್ಕು ಅಂಕಕ್ಕೆ ನಪಾಸಾದರೆ "ನಮ್ಮ ಹುಡುಗಿಯರಿಗೆ ಗಣಿತ ಹತ್ತುವುದಿಲ್ಲ" ಎಂದು ಅದೇ ಸೋಫಾದ ಮೇಲೆ ಕೂತು ಹೇಳುತ್ತೇವೆ. ನಂತರ ಸಮುದಾಯದ ಶೈಕ್ಷಣಿಕ ಹಿಂದುಳಿದಿರುವಿಕೆಯ ಬಗ್ಗೆ ವಿಚಾರ ಸಂಕಿರಣ ಏರ್ಪಡಿಸುತ್ತೇವೆ. ಸರಕಾರವನ್ನು ಕೇಳಬೇಕಾದದ್ದನ್ನು ಕೇಳೋಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯೊಳಗಿನ ಒಂದು ದೀಪ, ಒಂದು ಮೂಲೆ ಸರಕಾರದ ಕೈಯಲ್ಲಿ ಇರಲಿಲ್ಲವಲ್ಲ? 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಅತಿಥಿಗಳ ಕಾಲೂ ನಿಂತಿತ್ತು, ಪಾಠವೇ ಮನೆಗೆ ಬಂದಿತ್ತು. ಆಗಲೂ ಎಷ್ಟೋ ಮನೆಗಳಲ್ಲಿ ಸೋಫಾದ ಹೊದಿಕೆ ಅಲುಗಲಿಲ್ಲ. ಮಕ್ಕಳು ಮಂಚದ ಮೇಲೆ ಬೋರಲು ಮಲಗಿ, ಒಂದೇ ಮೊಬೈಲಿಗೆ ಮೂವರು ತಲೆಯಿಟ್ಟು ಪಾಠ ಕೇಳಿದರು.

ಉರ್ದು ಓದಿದವರಿಗೆ ಇಸ್ಮತ್ ಚುಗ್ತಾಯಿಯವರ 'ಚೌಥಿ ಕಾ ಜೋಡಾ' ಕಥೆ ನೆನಪಿರಬೇಕು. ಬಡ ವಿಧವೆಯ ಮನೆಗೆ ಸಂಬಂಧಿಕರ ಹುಡುಗ ರಾಹತ್ ಬಂದು ಉಳಿಯುತ್ತಾನೆ. ಹಿರಿಯ ಮಗಳು ಕುಬ್ರಾಳನ್ನು ಮದುವೆಯಾದಾನೆಂಬ ಆಸೆಯಿಂದ ಒಡವೆ ಮಾರಿ ಅವನಿಗೆ ಪರಾಠ, ಕಬಾಬು ಬಡಿಸುತ್ತಾರೆ. ಹೆಣ್ಣುಮಕ್ಕಳು ಒಣ ತುತ್ತು ನುಂಗುತ್ತಾರೆ. ಅತಿಥಿ ಉಂಡು ಕೈತೊಳೆದು, ಬೇರೆಡೆ ಗೊತ್ತಾದ ತನ್ನ ಮದುವೆಗೆ ಹೊರಟುಹೋಗುತ್ತಾನೆ. ಕುಬ್ರಾ ಕ್ಷಯದಿಂದ ಸಾಯುತ್ತಾಳೆ. ಮದುವೆಯ ಜೋಡು ಹೊಲಿಯಬೇಕಿದ್ದ ತಾಯಿಯ ಕೈ ಕಫನ್ ಹೊಲಿಯುತ್ತದೆ. ಅತಿಥಿಗೆ ಬಡಿಸಿದ ತಟ್ಟೆಯ ಬೆಲೆಯನ್ನು ಮನೆಯ ಮಗಳು ಹೇಗೆ ತೆರುತ್ತಾಳೆ ಎಂಬುದನ್ನು ಇದಕ್ಕಿಂತ ಖಾರವಾಗಿ ಯಾರೂ ಹೇಳಿಲ್ಲ. ಕಥೆ ಹಳೆಯದಾಯಿತು, ಆ ತಟ್ಟೆ ಇನ್ನೂ ನಮ್ಮ ಮನೆಗಳಲ್ಲಿದೆ.

"ಹಿಂದಿನಿಂದಲೂ ಹೀಗೇ ನಡೆದು ಬಂದಿದೆ" ಎನ್ನುವವರುಂಟು. ನಡೆದು ಬಂದಿಲ್ಲ. ಹಳೆಯ ಮನೆಗಳಿಗೆ ಬೀದಿ ಬಾಗಿಲಿನ ಅಕ್ಕಪಕ್ಕ ಕಟ್ಟೆ ಅಥವಾ ಜಗಲಿ ಇರುತ್ತಿತ್ತು. ವ್ಯವಹಾರಕ್ಕೆ ಬಂದ ಗಂಡಸರು ಅಲ್ಲೇ ಕೂತು, ಚಹಾ ಕುಡಿದು, ಎದ್ದು ಹೋಗುತ್ತಿದ್ದರು. ಉಳ್ಳವರ ಮನೆಗಳಲ್ಲಿ ದೀವಾನ್‌ಖಾನಾ ಬೇರೆಯೇ ಇತ್ತು. ಒಳ ಅಂಗಳ ಮಾತ್ರ ಹೆಂಗಸರ, ಮಕ್ಕಳ ರಾಜ್ಯ. ಅಲ್ಲಿ ಬೆಳಕಿತ್ತು, ಗಾಳಿಯಿತ್ತು, ಓಡಾಡಲು ನೆಲವಿತ್ತು. ಈಗ ಕಟ್ಟೆ ಇದ್ದ ಕಡೆ ಬೈಕು ನಿಂತಿದೆ. ಅಂಗಳದ ಮೇಲೆ ಆರ್‌ಸಿಸಿ ಬಿದ್ದಿದೆ. ಹೊರಗೆ ಕೂರುತ್ತಿದ್ದ ಅತಿಥಿ ಮನೆಯ ನಟ್ಟನಡುವೆ ಬಂದಿದ್ದಾನೆ, ನಡುವೆ ಇದ್ದ ಮಕ್ಕಳು ಹಿಂದಕ್ಕೆ ಸರಿದಿದ್ದಾರೆ. ಪರ್ದಾದ ಹೆಸರಿನಲ್ಲಿ ಹುಡುಗಿಯನ್ನು ಎಬ್ಬಿಸುವ ನಾವು, ಎದ್ದು ಹೋದವಳು ಕೂತು ಓದಲೆಂದು ಒಳಗೆ ಎರಡನೆಯ ದೀಪ ಹಾಕಿಸಿದ್ದೇವೆಯೇ?

ಹಾಲ್ ತುಂಬಿರುವ ಸಾಮಾನು ಯಾರ ದುಡ್ಡಿನದು ಎಂದೂ ಕೇಳಬೇಕಾಗಿದೆ. ವರದಕ್ಷಿಣೆ ನಿಷೇಧ ಕಾಯ್ದೆ ಬಂದದ್ದು 1961ರಲ್ಲಿ. ನಗದು ಬೇಡವೆಂದು ದೊಡ್ಡಸ್ತಿಕೆ ತೋರುವವರೂ "ನಿಮ್ಮ ಮಗಳಿಗೆ ನೀವು ಏನು ಕೊಡ್ತೀರೋ ಕೊಡಿ" ಎನ್ನುತ್ತಾರೆ. ಆ ಒಂದು ಮಾತಿನ ಅರ್ಥ ಮಂಚ, ಬೀರು, ಡ್ರೆಸ್ಸಿಂಗ್ ಟೇಬಲ್, ಸೋಫಾ ಸೆಟ್ಟು ಎಂದು ಎರಡೂ ಕಡೆಯವರಿಗೆ ಗೊತ್ತು. ಜಹೇಜಿನ ಸಾಮಾನು ಬೀದಿಯವರೆಲ್ಲ ನೋಡುವಂತೆ ಟೆಂಪೋದಲ್ಲಿ ಹೊರಡುತ್ತದೆ. ಹೆಣ್ಣು ಹೆತ್ತವನು ಅಲ್ಲಿ ಸಾಲದ ಕಂತು ಕಟ್ಟುತ್ತಿರುವಾಗ, ಇಲ್ಲಿ ಬಂದವರು ಅದರ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂರುತ್ತಾರೆ. ಅದು ಹಾಳಾದೀತೆಂದು ಅವನ ಮೊಮ್ಮಕ್ಕಳನ್ನೇ ಅದರಿಂದ ಇಳಿಸುತ್ತೇವೆ. ಇದಕ್ಕಿಂತ ದೊಡ್ಡ ನಾಚಿಕೆ ಬೇರೆ ಇದೆಯೇ?

"ಮನೆಗೊಂದು ಮರ್ಯಾದೆ ಬೇಡವೇ? ನಾಳೆ ಹುಡುಗಿಯನ್ನು ನೋಡಲು ಬಂದವರು ಏನೆಂದುಕೊಂಡಾರು?" ಇದು ಸಾಮಾನ್ಯವಾಗಿ ಬರುವ ಪ್ರಶ್ನೆ. ಸೋಫಾ ನೋಡಿ ಹುಡುಗಿಯನ್ನು ಒಪ್ಪುವವರು ನಾಳೆ ಏನೇನು ಕೇಳುತ್ತಾರೆಂದು ಊಹಿಸಲು ಜ್ಯೋತಿಷಿ ಬೇಕಿಲ್ಲ. ಇನ್ನು ಅತಿಥಿ ಸತ್ಕಾರಕ್ಕೆ ಧರ್ಮದ ಆಧಾರ ತರುವವರು ಅದನ್ನು ಪೂರ್ತಿಯಾಗಿ ತರಲಿ. ಅತಿಥಿಯನ್ನು ಗೌರವಿಸಬೇಕೆಂಬ ಬೋಧನೆಯ ಜೊತೆಗೇ, ಸತ್ಕಾರ ಮೂರು ದಿನದ್ದು, ಮನೆಯವರಿಗೆ ಕಷ್ಟವಾಗುವಷ್ಟು ಉಳಿಯಬಾರದು ಎಂಬ ಬೋಧನೆಯೂ ಹದೀಸಿನಲ್ಲಿದೆ. ಊಟ ಮುಗಿಸಿದ ಮೇಲೆ ಹರಟೆ ಹೊಡೆಯುತ್ತ ಕೂರಬಾರದೆಂದು ಪ್ರವಾದಿಯವರ ಮನೆಗೆ ಬರುತ್ತಿದ್ದ ಅತಿಥಿಗಳಿಗೇ ಹೇಳಿದ್ದು ಸೂರಃ ಅಲ್-ಅಹ್‌ಝಾಬ್‌ನ 53ನೇ ವಚನ. ಹಾಸಿಗೆಗಳನ್ನು ಎಣಿಸುವ ಹದೀಸೊಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಗಂಡನಿಗೊಂದು, ಹೆಂಡತಿಗೊಂದು, ಅತಿಥಿಗೊಂದು, ಅದನ್ನು ಮೀರಿದ್ದು ಶೈತಾನನ ಪಾಲು. ಸಜ್ದಾದಲ್ಲಿದ್ದಾಗ ಮೊಮ್ಮಗ ಬೆನ್ನೇರಿದರೆ, ಅವನು ತಾನಾಗಿ ಇಳಿಯುವವರೆಗೆ ಪ್ರವಾದಿಯವರು ಸಜ್ದಾವನ್ನೇ ದೀರ್ಘ ಮಾಡಿದರು. ಮಗುವಿಗಾಗಿ ನಮಾಜು ಕಾಯಬಹುದಾದರೆ ಮೆಹಮಾನರ ಚಹಾ ಕಾಯಲಾರದೇ?

ಮಕ್ಕಳಿಗೆ ಹೊಂದುವ ಮನೆ ಎಂದರೆ ದುಡ್ಡಿದ್ದವರ ಮನೆ ಎಂಬ ತಪ್ಪು ಕಲ್ಪನೆಯೂ ಬೇಡ. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ತಮ್ಮ ಮೊದಲ 'ಮಕ್ಕಳ ಮನೆ' ತೆರೆದರು. ತಂದೆತಾಯಿ ದುಡಿಯಲು ಹೋದರೆ ದಿನವಿಡೀ ದಿಕ್ಕಿಲ್ಲದಂತೆ ಅಲೆಯುತ್ತಿದ್ದ ಮಕ್ಕಳು ಅವರು. ಮಕ್ಕಳೇ ಎತ್ತಿ ಸರಿಸಬಹುದಾದ ಪುಟ್ಟ ಕುರ್ಚಿ ಮೇಜುಗಳು, ಅವರ ಕೈಗೆಟಕುವ ಕಪಾಟುಗಳು ಆ ಪದ್ಧತಿಯ ಗುರುತಾದವು. ಅದೇ ಮಾಂಟೆಸ್ಸರಿ 1939ರಲ್ಲಿ ಮದರಾಸಿಗೆ ಬಂದು ನಮ್ಮ ಶಿಕ್ಷಕರಿಗೆ ತರಬೇತಿ ಕೊಟ್ಟರು. ಆ ಹೆಸರಿನ ಶಾಲೆಗೆ ಸಾವಿರಾರು ರೂಪಾಯಿ ಫೀಜು ಕಟ್ಟುತ್ತೇವೆ, ಮನೆಯಲ್ಲಿ ಒಂದು ಹಲಗೆಯನ್ನು ಎರಡು ಅಡಿ ಕೆಳಗೆ ಹೊಡೆಸುವುದಿಲ್ಲ.

ಅಷ್ಟು ದೂರ ಹೋಗುವುದೂ ಬೇಡ. ಇದಕ್ಕೆ ಬೇಕಾದ ಸಾಮಾನು ನಮ್ಮವರ ಕೈಯಲ್ಲೇ ತಯಾರಾಗುತ್ತದೆ. ನವಲಗುಂದದ ಜಮಖಾನೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಅದರ ಮೇಲೆ ನವಿಲು ಮೂಡಿಸುವವರು ಅಲ್ಲಿನ ಮುಸ್ಲಿಂ ಹೆಣ್ಣುಮಕ್ಕಳು. ಅವರ ಮಗ್ಗಗಳು ಒಂದೊಂದಾಗಿ ನಿಲ್ಲುತ್ತಿರುವಾಗ ನಾವು ರೆಕ್ಸಿನ್ ಸೋಫಾದ ಅಂಗಡಿಯಲ್ಲಿ ಚೌಕಾಸಿ ಮಾಡುತ್ತೇವೆ. ಚನ್ನಪಟ್ಟಣದ ಕಸುಬಿನಲ್ಲೂ ಮುಸ್ಲಿಂ ಕುಶಲಕರ್ಮಿಗಳ ಪಾಲು ದೊಡ್ಡದು. ಹಾಲೆ ಮರವನ್ನು ಚರಕಿಯಲ್ಲಿ ಕಡೆದು, ಅರಗಿನ ಬಣ್ಣ ಹಚ್ಚಿ, ಚೂಪು ಅಂಚಿಲ್ಲದಂತೆ ನುಣುಪು ಮಾಡುವುದು ಮಗುವಿನ ಕೈಗೆ ಸಿಗಲಿ ಎಂದೇ. ಅದನ್ನು ತಂದು ಶೋಕೇಸಿನಲ್ಲಿಟ್ಟು ಬೀಗ ಹಾಕುತ್ತೇವೆ! ಮಗು ಗಾಜಿಗೆ ಮೂಗೊತ್ತಿ ನೋಡುತ್ತದೆ. ಇನ್ನು ಪ್ರತಿ ಮನೆಯಲ್ಲೂ ಒಂದು ರೆಹಲ್ ಇದ್ದೇ ಇರುತ್ತದೆ. ನೆಲದ ಮೇಲೆ ಕೂತ ಮಗುವಿನ ಕಣ್ಣಿಗೆ ಸರಿಯಾಗಿ ಗ್ರಂಥವನ್ನು ಹಿಡಿದು ನಿಲ್ಲುತ್ತದೆ, ಓದಿ ಮುಗಿದರೆ ಮಡಚಿ ಮೊಳೆಗೆ ತೂಗುಹಾಕಬಹುದು. ಮಗುವಿನ ಅಳತೆಯ ಪೀಠೋಪಕರಣ ಹೇಗಿರಬೇಕೆಂದು ನಮ್ಮ ಬಡಗಿಗಳಿಗೆ ಮೊದಲಿನಿಂದಲೂ ಗೊತ್ತಿತ್ತು.

ಆದ್ದರಿಂದ ಮನೆ ಕಟ್ಟಿಸುವವರಿಗೆ, ಮದುವೆಯ ಸಾಮಾನಿನ ಪಟ್ಟಿ ಬರೆಯುವವರಿಗೆ ನನ್ನ ಒತ್ತಾಯ ಇಷ್ಟು. ಹಾಲ್‌ನಲ್ಲಿ ಕಿಟಕಿಯ ಪಕ್ಕದ ಜಾಗವನ್ನು ಮೊದಲು ಮಕ್ಕಳಿಗೆ ಬಿಡಿ. ಅಲ್ಲೊಂದು ತಗ್ಗಿನ ಮೇಜು, ಅದರ ಮೇಲ್ಗಡೆ ಗೋಡೆಗೊಂದು ದೀಪ, ಕೈಗೆಟಕುವ ಎತ್ತರದಲ್ಲಿ ಪುಸ್ತಕದ ಹಲಗೆ ಇರಲಿ. ಶೋಕೇಸಿನ ಕೆಳಗಿನ ಅರೆಗಳ ಗಾಜು ತೆಗೆಸಿ ಗೊಂಬೆಗಳನ್ನು ಬಿಡುಗಡೆ ಮಾಡಿ. ಸೋಫಾದ ಬದಲು ಗೋಡೆಗೆ ಹೊಂದಿಸಿ ಒಂದು ತಖ್ತ್ ಹಾಕಿಸಿ. ಹಗಲು ನಾಲ್ಕು ಜನ ಕೂರಬಹುದು, ರಾತ್ರಿ ಉಳಿಯಲು ಬಂದವರು ಮಲಗಬಹುದು, ಕೆಳಗೆ ಹಾಸಿಗೆ ದಿಂಬು ತುಂಬಬಹುದು. ಹೆಚ್ಚು ಜನ ಬಂದರೆ ಜಮಖಾನೆ ಹಾಸಿ, ದಸ್ತರ್‌ಖಾನ್ ಬಿಚ್ಚಿ. ಮಕ್ಕಳನ್ನು ಕರೆದುಕೊಂಡು ಬಂದ ಅತಿಥಿಗೂ ಆಗ ಸಮಾಧಾನ. "ಮುಟ್ಟಬೇಡ, ಒಡೆದೀತು" ಎನ್ನುತ್ತ ತುದಿಗಾಲಲ್ಲಿ ಕೂರಬೇಕಿಲ್ಲ. ವ್ಯವಹಾರದ ಮಾತಿಗೆ ಬಂದ ಗಂಡಸರಿಗೆ ಬಾಗಿಲ ಹೊರಗೆ ಮೂರು ಅಡಿಯ ಒಂದು ಕಟ್ಟೆಯನ್ನು ಮತ್ತೆ ಕಟ್ಟಿಸಿ. ಬೈಕು ಸ್ವಲ್ಪ ಓರೆಯಾಗಿ ನಿಂತರೆ ನಷ್ಟವೇನಿಲ್ಲ.

ಇದೆಲ್ಲ ಆತಿಥೇಯರ ಕೆಲಸವಾಯಿತು. ಆದರೆ ಇನ್ನೊಬ್ಬರ ಮನೆಯ ಬಾಗಿಲಲ್ಲಿ ನಾವೂ ಅತಿಥಿಗಳೇ. ಪರೀಕ್ಷೆಯ ತಿಂಗಳಲ್ಲಿ ಸಂಜೆ ಹೊತ್ತು ಯಾರ ಮನೆಗೂ ಹೋಗದಿರೋಣ. ಹೋಗಲೇಬೇಕಾಗಿ ಬಂದು, ಒಳಗೆ ಒಬ್ಬ ಹುಡುಗಿ ಪುಸ್ತಕ ಎತ್ತಿಕೊಂಡು ಏಳುತ್ತಿರುವುದು ಕಂಡರೆ, "ನೀನು ಕೂತು ಓದು ಬೇಟಿ, ನಿನ್ನ ಅಬ್ಬಾನ ಜೊತೆ ನಾವು ಹೊರಗೆ ನಿಂತು ಮಾತಾಡ್ತೀವಿ" ಎನ್ನೋಣ.